ಧಾರಾವಿಯ ಮನೆಗೆ ಮುಲುಂಡ್‌ನಲ್ಲಿ ಯಾಕೆ ತಕರಾರು?

ಕೊಳೆಗೇರಿ ಪುನರಭಿವೃದ್ಧಿ ಯೋಜನೆಯಲ್ಲಿ ಹೊಸ ಮನೆ ಕಟ್ಟಿಕೊಡುತ್ತಿರುವುದು ಮುಂಬಯಿಯ ಧಾರಾವಿಯವರಿಗೆ. ಅದನ್ನು ವಿರೋಧಿಸಿ ಬೀದಿಗಿಳಿದವರಲ್ಲಿ ಮುಲುಂಡ್ ಮತ್ತು ಕುರ್ಲಾದ ಜನರೂ ಇದ್ದಾರೆ. ಮುಲುಂಡ್ ಎಂದರೆ ಧಾರಾವಿಗೆ ಹತ್ತಿರದ ಸಾಯನ್ ಸ್ಟೇಷನ್ನಿಂದ ಎಂಟನೇ ನಿಲ್ದಾಣ, ನಗರದ ಈಶಾನ್ಯದ ತುತ್ತತುದಿ. ಅಲ್ಲಿನ ಹೌಸಿಂಗ್ ಸೊಸೈಟಿಗಳು 2024ರ ಲೋಕಸಭಾ ಚುನಾವಣೆಯ ಹೊತ್ತಿಗೆ ಈ ವಿಷಯವನ್ನು ಎಷ್ಟು ಗಟ್ಟಿಯಾಗಿ ಎತ್ತಿದವೆಂದರೆ, ಆ ಕ್ಷೇತ್ರದಲ್ಲಿ ಎದುರುಬದುರಾಗಿದ್ದ ಎರಡೂ ಪಕ್ಷಗಳ ಅಭ್ಯರ್ಥಿಗಳು ಮುಲುಂಡ್‌ಗೆ ಧಾರಾವಿಯವರನ್ನು ತರಲು ಬಿಡುವುದಿಲ್ಲ ಎಂದು ಮಾತು ಕೊಡಬೇಕಾಯಿತು.

ಸುದ್ದಿ ಓದುವವರಿಗೆ ಇಲ್ಲೇ ಗೊಂದಲ. ಇದ್ದ ಜಾಗದಲ್ಲೇ ಮನೆ ಕಟ್ಟಿಕೊಡುವ ಯೋಜನೆ ಅಂದಮೇಲೆ ಹದಿನೆಂಟು ಇಪ್ಪತ್ತು ಕಿಲೋಮೀಟರ್ ದೂರದ ಬಡಾವಣೆಗೆ ಅದರ ಬಿಸಿ ಯಾಕೆ ತಟ್ಟಿತು? ಉಪ್ಪಿನಾಗರ, ಕಸದ ಗುಡ್ಡ, ಡೇರಿ ಜಮೀನು ಎಂದೆಲ್ಲ ಹೆಸರು ಬರುತ್ತಿರುವುದೇಕೆ? ಇದಕ್ಕೆ ಉತ್ತರ ಮುಲುಂಡ್‌ನಲ್ಲಿಲ್ಲ. ಯಾರಿಗೆ ಧಾರಾವಿಯೊಳಗೆ ಮನೆ, ಯಾರಿಗೆ ಇಲ್ಲ ಎಂದು ತೀರ್ಮಾನಿಸುವ ಸರ್ಕಾರಿ ನಿಯಮದಲ್ಲಿದೆ.

ನಲವತ್ತು ವರ್ಷದ ಹಿನ್ನೆಲೆ

ಧಾರಾವಿ ಸುಮಾರು 600 ಎಕರೆ. ಒಂದು ಕಾಲಕ್ಕೆ ಕೋಲಿ ಸಮುದಾಯದ ಮೀನುಗಾರರ ಊರು, ಜೌಗುನೆಲ. ಊರಿನ ಹೊರಗಿರಲಿ ಎಂದು ಚರ್ಮ ಹದ ಮಾಡುವವರನ್ನು, ಕುಂಬಾರರನ್ನು ಅತ್ತ ಕಳಿಸಲಾಯಿತು. ನಗರ ಬೆಳೆದು ಧಾರಾವಿಯನ್ನೇ ನಡುವಿಗೆ ತಂದುಕೊಂಡಿತು. ಇವತ್ತು ಅದರ ಪಕ್ಕದಲ್ಲೇ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್ ಇದೆ, ದೇಶದ ಅತಿ ದುಬಾರಿ ಕಚೇರಿ ಪ್ರದೇಶಗಳಲ್ಲಿ ಒಂದು. ಈ ಯೋಜನೆಗೆ ಹಣ ಹೂಡಲು ಕಂಪನಿಗಳು ಮುಂದೆ ಬರುವುದಕ್ಕೆ ಈ ನೆರೆಹೊರೆಯೇ ಕಾರಣ.

1985ರಲ್ಲಿ ರಾಜೀವ್ ಗಾಂಧಿ ಮುಂಬಯಿಗೆ 100 ಕೋಟಿ ರೂಪಾಯಿ ಘೋಷಿಸಿದರು; ಅದರಲ್ಲೊಂದು ಪಾಲು ಧಾರಾವಿಗೆ ಬಂದು ಕೆಲವು ಕಟ್ಟಡಗಳು ಎದ್ದವು. 2004ರಲ್ಲಿ ಇಡೀ ಧಾರಾವಿಯನ್ನು ವಿಭಾಗಗಳಾಗಿ ಒಡೆದು ಖಾಸಗಿಯವರಿಂದ ಕಟ್ಟಿಸುವ ಯೋಜನೆಗೆ ಒಪ್ಪಿಗೆ ಸಿಕ್ಕಿತು. 2011ರಲ್ಲಿ ಆ ಟೆಂಡರ್ ರದ್ದಾಯಿತು. 2016ರಲ್ಲಿ ಕರೆದದ್ದಕ್ಕೆ ಬಿಡ್‌ದಾರರೇ ಬರಲಿಲ್ಲ. 2019ರಲ್ಲಿ ಸೆಕ್‌ಲಿಂಕ್ ಕಂಪನಿಯ 7,200 ಕೋಟಿಯ ಬಿಡ್ ಮೊದಲ ಸ್ಥಾನದಲ್ಲಿತ್ತು, ಅದಾನಿಯವರದು 4,539 ಕೋಟಿ. ಆಮೇಲೆ ರೈಲ್ವೆಯ 45 ಎಕರೆಯನ್ನು ಯೋಜನೆಗೆ ಸೇರಿಸುವ ಕಾರಣ ಕೊಟ್ಟು ಆ ಟೆಂಡರನ್ನೂ ಕೈಬಿಟ್ಟರು. 2022ರ ಹೊಸ ಟೆಂಡರಿನಲ್ಲಿ 5,069 ಕೋಟಿ ಬಿಡ್ ಮಾಡಿದ ಅದಾನಿ ಸಮೂಹಕ್ಕೆ ಯೋಜನೆ ಸಿಕ್ಕಿ, 2023ರ ಜುಲೈಯಲ್ಲಿ ಅಧಿಕೃತವಾಯಿತು. ಸೆಕ್‌ಲಿಂಕ್ ಹಾಕಿದ್ದ ಅರ್ಜಿಯನ್ನು ಬಾಂಬೆ ಹೈಕೋರ್ಟ್ 2024ರ ಡಿಸೆಂಬರಿನಲ್ಲಿ ವಜಾ ಮಾಡಿತು.

ಕೆಲಸ ಮಾಡುತ್ತಿರುವುದು ನವಭಾರತ್ ಮೆಗಾ ಡೆವಲಪರ್ಸ್ ಎಂಬ ಜಂಟಿ ಸಂಸ್ಥೆ. ಅದರಲ್ಲಿ ಅದಾನಿ ಸಮೂಹದ ಪಾಲು ಶೇ 80, ಮಹಾರಾಷ್ಟ್ರ ಸರ್ಕಾರದ್ದು ಶೇ 20. 2025ರ ಮೇ ತಿಂಗಳಲ್ಲಿ ಮಾಸ್ಟರ್ ಪ್ಲ್ಯಾನ್‌ಗೂ ಒಪ್ಪಿಗೆ ಸಿಕ್ಕಿದೆ. ಟೆಂಡರಿನ ಜಗಳ ಒಂದು ದೊಡ್ಡ ಕಥೆ. ಮುಲುಂಡ್‌ನ ತಕರಾರನ್ನು ತಿಳಿಯಲು ಅದಕ್ಕಿಂತ ಮುಖ್ಯವಾದದ್ದು ಸರ್ವೆ.

ಕೆಳಗಿನ ಮನೆ ಅರ್ಹ, ಮೇಲಿನ ಮಾಳಿಗೆ ಅನರ್ಹ

ಮುಂಬಯಿಯಲ್ಲಿ ಕೊಳೆಗೇರಿ ಪುನರ್ವಸತಿ ಪ್ರಾಧಿಕಾರ, ಅಂದರೆ ಎಸ್‌ಆರ್‌ಎ, ಶುರುವಾದದ್ದು 1995ರಲ್ಲಿ. ಅದರ ಪದ್ಧತಿ ಸರಳ. ಬಿಲ್ಡರ್ ತನ್ನ ಖರ್ಚಿನಲ್ಲಿ ಗುಡಿಸಲಿನವರಿಗೆ ಮನೆ ಕಟ್ಟಿಕೊಡಬೇಕು. ಅದಕ್ಕೆ ಬದಲಾಗಿ ಉಳಿದ ಜಾಗದಲ್ಲಿ ಹೆಚ್ಚುವರಿ ಎಫ್‌ಎಸ್‌ಐ ಪಡೆದು, ಮಾರಾಟದ ಫ್ಲ್ಯಾಟ್ ಕಟ್ಟಿ ಲಾಭ ಮಾಡಿಕೊಳ್ಳಬಹುದು. ನಿವೇಶನದ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದು ಎಂಬ ಲೆಕ್ಕವೇ ಎಫ್‌ಎಸ್‌ಐ. ಉಚಿತ ಮನೆಯ ಅಳತೆ ಮೊದಲು 225 ಚದರಡಿ ಇತ್ತು, ಆಮೇಲೆ 269 ಆಯಿತು, ಈಗ 300. ಧಾರಾವಿಗೆ ಮಾತ್ರ 350 ಚದರಡಿ ಎಂದು 2024ರ ಜನವರಿಯಲ್ಲಿ ಪ್ರಕಟಿಸಿದರು.

ಉಚಿತ ಮನೆ ಸಿಗುವುದು ಅರ್ಹರಿಗೆ ಮಾತ್ರ. ಧಾರಾವಿಯಲ್ಲಿ ಅರ್ಹತೆಗೆ ಎರಡು ಷರತ್ತುಗಳಿವೆ. ಮನೆ ನೆಲಮಟ್ಟದಲ್ಲಿರಬೇಕು. 2000ದ ಜನವರಿ 1ಕ್ಕೆ ಮುಂಚೆಯಿಂದ ಅಲ್ಲಿದ್ದದ್ದಕ್ಕೆ ಕಾಗದಪತ್ರ ಇರಬೇಕು. ಇವೆರಡೂ ಇದ್ದರೆ ಧಾರಾವಿಯೊಳಗೇ ಉಚಿತ ಮನೆ. 2000ದಿಂದ 2011ರ ಜನವರಿ 1ರವರೆಗಿನ ನೆಲಮನೆಯವರಿಗೆ ಧಾರಾವಿಯ ಹೊರಗೆ 300 ಚದರಡಿ, ಬೆಲೆ ಎರಡೂವರೆ ಲಕ್ಷ. ಅದರ ನಂತರ 2022ರ ನವೆಂಬರ್ 15ರವರೆಗೆ ಬಂದವರಿಗೂ, ಆ ದಿನಕ್ಕೆ ಮುಂಚೆ ಯಾವ ಕಾಲದಲ್ಲೇ ಬಂದಿರಲಿ ಮೇಲಂತಸ್ತಿನಲ್ಲಿರುವ ಎಲ್ಲರಿಗೂ ಹೊರಗೆ ಬಾಡಿಗೆ ಮನೆ. ಕಂತು ಕಟ್ಟುತ್ತ ಹೋಗಿ ಸ್ವಂತ ಮಾಡಿಕೊಳ್ಳುವ ಅವಕಾಶ ಅದಕ್ಕಿದೆ.

ಧಾರಾವಿಯ ಮನೆ ಹೇಗಿರುತ್ತದೆ ಎಂದು ಗೊತ್ತಿದ್ದರೆ ನೆಲಮಟ್ಟದ ಆ ಮೊದಲ ಷರತ್ತಿನ ಭಾರ ತಿಳಿಯುತ್ತದೆ. ಹತ್ತಡಿ ಅಗಲ, ಹನ್ನೆರಡಡಿ ಉದ್ದದ ಕೋಣೆ. ಅದರ ಮೇಲೊಂದು, ಹಲವು ಕಡೆ ಅದರ ಮೇಲೆ ಮತ್ತೊಂದು. ಮೇಲೆ ಹೋಗಲು ಗಲ್ಲಿಯಿಂದಲೇ ಕಬ್ಬಿಣದ ಏಣಿ. ಹತ್ತುವವರಿಗೆ ಹಿಡಿದುಕೊಳ್ಳಲು ಒಂದು ಹಗ್ಗ ಅಥವಾ ಸರಳು. ಕೆಳಗಿನ ಮನೆಯ ಮಾಲೀಕ ಮೇಲಿನದನ್ನು ಬಾಡಿಗೆಗೆ ಕೊಟ್ಟಿರುತ್ತಾನೆ ಅಥವಾ ನೋಟರಿ ಕಾಗದದ ಮೇಲೆ ಮಾರಿರುತ್ತಾನೆ. ಮೇಲೆ ಇಪ್ಪತ್ತೈದು ವರ್ಷ ಸಂಸಾರ ಮಾಡಿದವರೂ ಇದ್ದಾರೆ. ಅವರಿಗೆ ಮತದಾರರ ಚೀಟಿ ಇದೆ, ರೇಷನ್ ಕಾರ್ಡ್ ಇದೆ, ಬೇರೆ ವಿದ್ಯುತ್ ಮೀಟರ್ ಇರುವವರೂ ಇದ್ದಾರೆ. ಆದರೂ ಎಸ್‌ಆರ್‌ಎ ನಿಯಮದ ಪ್ರಕಾರ ಒಂದು ಗುಡಿಸಲಿಗೆ ಒಂದೇ ಮನೆ, ಅದು ನೆಲದವನಿಗೆ.

2007–08ರ ಸುಮಾರಿಗೆ ನಡೆದ ಸರ್ವೆ ಧಾರಾವಿಯಲ್ಲಿ ಸುಮಾರು 60 ಸಾವಿರ ಕುಟುಂಬಗಳ ಲೆಕ್ಕ ಕೊಟ್ಟಿತ್ತು. ಹೊಸ ಸರ್ವೆ 2024ರ ಮಾರ್ಚ್ 18ರಂದು ಕಮಲಾ ರಾಮನ್ ನಗರದಿಂದ ಶುರುವಾಯಿತು. ಮೊದಲು ಪ್ರತಿ ಬಾಗಿಲಿಗೆ ಒಂದು ಸಂಖ್ಯೆ ಬರೆಯುತ್ತಾರೆ. ಆಮೇಲೆ ಲೇಸರ್ ಸ್ಕ್ಯಾನರ್ ಹೊತ್ತವರು ಗಲ್ಲಿಯ ಅಳತೆ ತೆಗೆಯುತ್ತಾರೆ. ಕೊನೆಗೆ ಮನೆಮನೆಗೆ ಬಂದು ಕಾಗದಪತ್ರ ಸ್ಕ್ಯಾನ್ ಮಾಡುತ್ತಾರೆ: ವಿದ್ಯುತ್ ಬಿಲ್, ಹಳೆಯ ಮತದಾರರ ಪಟ್ಟಿಯ ಪುಟ, ಖರೀದಿ ಕರಾರು, ಅಂಗಡಿಯಾದರೆ ಅದರ ನೋಂದಣಿಯ ಗುಮಾಸ್ತಾ ಲೈಸೆನ್ಸ್. ಹೀಗೆ ಸಂಖ್ಯೆ ಬಿದ್ದ ಮನೆ ಮಳಿಗೆಗಳು ಒಂದು ಲಕ್ಷ ದಾಟಿವೆ. ಎರಡು ಲೆಕ್ಕಗಳ ನಡುವಿನ ಅಂತರದಲ್ಲಿ ಮೇಲಿನ ಮಾಳಿಗೆಗಳ ಪಾಲು ದೊಡ್ಡದು. ಮುಲುಂಡ್‌ಗೆ ಹೋಗಬೇಕಾದವರೆಂದರೆ ಇವರೇ.

ಅವರನ್ನೂ ಧಾರಾವಿಯಲ್ಲೇ ಇಡಲಾಗದೇ?

ಕಟ್ಟಲು ಸಿಗುವ ನೆಲ 600 ಎಕರೆಯಷ್ಟೂ ಅಲ್ಲ. ಮಾಹಿಮ್ ನಿಸರ್ಗ ಉದ್ಯಾನ, ರಸ್ತೆ, ಈಗಾಗಲೇ ಎದ್ದಿರುವ ಕಟ್ಟಡಗಳು, ಮೀಠಿ ನದಿಯ ಅಂಚು ಎಲ್ಲ ಕಳೆಯಬೇಕು. ವಿಮಾನ ನಿಲ್ದಾಣ ಹತ್ತಿರವಿರುವುದರಿಂದ ಮೇಲಕ್ಕೆ ಎಷ್ಟು ಏರಿಸಬಹುದು ಎಂಬುದಕ್ಕೂ ಮಿತಿ ಇದೆ. ಉಳಿದದ್ದರಲ್ಲಿ ಅರ್ಹರ ಮನೆ, ಅವರ ಕಾರ್ಖಾನೆ ಮಳಿಗೆ, ಶಾಲೆ, ಆಸ್ಪತ್ರೆ, ರಸ್ತೆ ಆದಮೇಲೆ ಮಾರಾಟದ ಕಟ್ಟಡಗಳು ಬರಬೇಕು. ಇಡೀ ಯೋಜನೆಗೆ ಹಣ ಬರುವುದೇ ಆ ಮಾರಾಟದ ಭಾಗದಿಂದ. ಹಾಗಾಗಿ ಅನರ್ಹರನ್ನು ಒಳಗೆ ಉಳಿಸಿಕೊಂಡ ಪ್ರತಿ ಚದರಡಿ ಮಾರಾಟದ ಲೆಕ್ಕದಿಂದ ಕಡಿತವಾಗುತ್ತದೆ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಜಾಗ ಸಾಲದು ಎಂಬುದು ಅರ್ಧ ನಿಜ. ಧಾರಾವಿಯೊಳಗೆ ಬಳಸಲಾಗದೆ ಉಳಿದ ಕಟ್ಟುವ ಹಕ್ಕನ್ನು ಟಿಡಿಆರ್, ಅಂದರೆ ವರ್ಗಾಯಿಸಬಹುದಾದ ಅಭಿವೃದ್ಧಿ ಹಕ್ಕಿನ ರೂಪದಲ್ಲಿ ನಗರದ ಬೇರೆ ಬಿಲ್ಡರುಗಳಿಗೆ ಮಾರಬಹುದು. ಮುಂಬಯಿಯಲ್ಲಿ ಟಿಡಿಆರ್ ಬೇಕಾದವರು ಮೊದಲ ಶೇ 40ನ್ನು ಧಾರಾವಿಯಿಂದಲೇ ಕೊಳ್ಳಬೇಕು ಎಂಬ ನಿಯಮವನ್ನೂ ಸರ್ಕಾರ ತಂದಿದೆ. ಅಂದರೆ ಧಾರಾವಿಯ ಲಾಭವನ್ನು ಧಾರಾವಿಯ ನೆಲದಲ್ಲೇ ಹುಡುಕಬೇಕಾದ ಅಗತ್ಯ ಈಗ ಮೊದಲಿನಷ್ಟಿಲ್ಲ. ಈ ಸವಲತ್ತಿಗೆ ಪ್ರತಿಯಾಗಿ ಮೇಲಂತಸ್ತಿನ ಹಳಬರಲ್ಲಿ ಒಂದಷ್ಟು ಜನರನ್ನು ಒಳಗೇ ಇಡಬೇಕು ಎಂದು ಕೇಳುವುದು ನ್ಯಾಯವಾದ ಬೇಡಿಕೆ. ಆದರೆ ಬಹಿರಂಗ ಚರ್ಚೆಯೆಲ್ಲ ಎಲ್ಲಿಗೆ ಕಳಿಸಬೇಕು ಎಂಬುದರ ಸುತ್ತ ತಿರುಗುತ್ತಿದೆ. ಯಾರನ್ನು ಕಳಿಸಲೇಬೇಕು ಎಂಬ ಪ್ರಶ್ನೆ ಹಿಂದೆ ಉಳಿದಿದೆ.

ಜಮೀನು ಹುಡುಕಿದ ದಾರಿ

ಮುಲುಂಡ್‌ನಲ್ಲಿ ಯೋಜನೆಗೆಂದು ಕೇಳಿದ್ದು ಹಳೆಯ ಜಕಾತಿ ನಾಕೆಯ ಜಮೀನು ಮತ್ತು ಕಸದ ಗುಡ್ಡದ ಒಂದು ಭಾಗ, ಸೇರಿ 64 ಎಕರೆ. ಅದು ಸುದ್ದಿಯಾದ ಕೂಡಲೇ ವಿರೋಧ ಎದ್ದಿತು. 2024ರ ಜೂನ್‌ನಲ್ಲಿ ಕುರ್ಲಾದ ನೆಹರೂ ನಗರದಲ್ಲಿರುವ ಮದರ್ ಡೇರಿಯ 21 ಎಕರೆ ಕೊಡಲು ಆದೇಶವಾಯಿತು. ಅಲ್ಲಿನವರು ನೂರಾರು ಮರಗಳಿರುವ ಆ ಜಾಗವನ್ನು ಉದ್ಯಾನವಾಗಿ ಉಳಿಸಿ ಎಂದು ಪಟ್ಟು ಹಿಡಿದರು. ಸೆಪ್ಟೆಂಬರಿನಲ್ಲಿ ಕಾಂಜೂರ್‌ಮಾರ್ಗ್, ಭಾಂಡುಪ್, ಮುಲುಂಡ್ ಪಟ್ಟಿಯ 255.9 ಎಕರೆ ಉಪ್ಪಿನಾಗರವನ್ನು ರಾಜ್ಯಕ್ಕೆ ವಹಿಸಲು ಕೇಂದ್ರ ಸರ್ಕಾರ ಒಪ್ಪಿತು. ಅಕ್ಟೋಬರಿನಲ್ಲಿ ದೇವನಾರ್ ಕಸದ ಗುಡ್ಡದ 311 ಎಕರೆಯಲ್ಲಿ 124 ಎಕರೆ ಕೊಡಲು ರಾಜ್ಯ ಸಂಪುಟ ತೀರ್ಮಾನಿಸಿತು.

ಈ ಸರಣಿಯನ್ನು ಸಾಲಾಗಿ ಇಟ್ಟು ನೋಡಿ. ವಕೀಲರು, ವೈದ್ಯರು, ಸೊಸೈಟಿಯ ಪದಾಧಿಕಾರಿಗಳು ಇರುವ ಬಡಾವಣೆಯಿಂದ ಶುರುವಾದ ಹುಡುಕಾಟ ನಗರದ ಅತಿ ಬಡ ವಾರ್ಡಿನ ಕಸದ ಗುಡ್ಡಕ್ಕೆ ಬಂದು ತಲುಪಿದೆ. ದೇವನಾರ್ ಇರುವ ಎಂ-ಪೂರ್ವ ವಾರ್ಡಿನಲ್ಲಿ ಈಗಾಗಲೇ ನಗರದ ಬಹಳಷ್ಟು ಪುನರ್ವಸತಿ ಕಾಲೊನಿಗಳಿವೆ. ಅಲ್ಲಿನ ಜನ ವಿರೋಧಿಸಿಲ್ಲ ಎಂದಲ್ಲ. ಅವರ ದನಿ ರಾಜ್ಯದ ಸಚಿವಾಲಯವಾದ ಮಂತ್ರಾಲಯದವರೆಗೆ ಮುಟ್ಟುವುದು ಕಷ್ಟ.

ದೇವನಾರ್‌ನಲ್ಲಿ 1927ರಿಂದ ಕಸ ಸುರಿಯುತ್ತಿದ್ದಾರೆ. ಕಟ್ಟಬೇಕಾದರೆ ಮೊದಲು ಸುಮಾರು 185 ಲಕ್ಷ ಟನ್ ಹಳೆಯ ಕಸ ತೆಗೆಯಬೇಕು. ಅದಕ್ಕೆ ಪಾಲಿಕೆ 2025ರಲ್ಲಿ ಕರೆದ ಟೆಂಡರಿನ ಅಂದಾಜೇ 2,368 ಕೋಟಿ ರೂಪಾಯಿ. ಕಸ ಅಗೆದು, ಜರಡಿ ಹಿಡಿದು, ಮಣ್ಣು, ಪ್ಲಾಸ್ಟಿಕ್, ಕಲ್ಲು ಬೇರೆ ಮಾಡಿ ಸಾಗಿಸಿದ ಮೇಲೂ ಅಡಿಯ ಮಣ್ಣಿನಲ್ಲಿ ಕೊಳೆನೀರು ಇಳಿದಿರುತ್ತದೆ, ಮಿಥೇನ್ ಉಳಿದಿರುತ್ತದೆ. ಇಂಥ ನೆಲದಲ್ಲಿ ಬಹುಮಹಡಿ ಕಟ್ಟಡಕ್ಕೆ ಗಟ್ಟಿ ಪದರದವರೆಗೆ ಪೈಲ್ ಇಳಿಸಬೇಕು, ಅನಿಲ ಹೊರಹೋಗಲು ಕೊಳವೆ ಹಾಕಬೇಕು. ಕಸದ ಗುಡ್ಡದ ಅಂಚಿನಿಂದ 100 ಮೀಟರ್ ಒಳಗೆ ಕಟ್ಟಡ ಬೇಡ ಎಂಬುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾರ್ಗಸೂಚಿ. ಪೂರ್ತಿ ಕಸ ತೆಗೆದರೆ ಆ ನಿರ್ಬಂಧ ಅನ್ವಯಿಸುವುದಿಲ್ಲ ಎಂಬುದು ಯೋಜನೆಯವರ ನಿಲುವು. ಆದರೆ ಏಳು ವರ್ಷದಲ್ಲಿ ಮುಗಿಸಬೇಕಾದ ಯೋಜನೆಗೆ ಇದು ಹೊಂದುವ ಜಾಗವೇ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ.

ಉಪ್ಪಿನಾಗರದ ಆಕ್ಷೇಪ ಬೇರೆ ಬಗೆಯದು. ಅವು ಭರತದ ನೀರು, ಮಳೆಯ ನೀರು ಹರಡಿ ನಿಲ್ಲುವ ತಗ್ಗು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದಾಗ ನಗರ ಮುಳುಗಿದ್ದನ್ನು ಮುಂಬಯಿ ಮರೆತಿಲ್ಲ. ಆಗರಗಳನ್ನು ಮಣ್ಣು ತುಂಬಿ ಎತ್ತರಿಸಿದರೆ ಅಲ್ಲಿ ನಿಲ್ಲುತ್ತಿದ್ದ ನೀರು ಪಕ್ಕದ ಬಡಾವಣೆಯ ಚರಂಡಿಯಲ್ಲಿ ಹಿಮ್ಮುಖವಾಗಿ ಏರುತ್ತದೆ. ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ ಕಟ್ಟಿದ ಮೇಲೆ ಈ ಜಾಗಕ್ಕೆ ಸಮುದ್ರದ ನೀರು ಬರುವುದೇ ನಿಂತಿದೆ ಎಂದು ಯೋಜನೆಯ ಪರವಾದವರು ಹೇಳುತ್ತಾರೆ. ಭರತದ ನೀರು ಬರದಿದ್ದರೂ ಮಳೆನೀರು ನಿಲ್ಲುವ ಜಾಗವಾಗಿ ಅದರ ಉಪಯೋಗ ಹೋಗುವುದಿಲ್ಲ. ಈ ವಿಷಯದಲ್ಲಿ ವಿರೋಧಿಗಳ ವಾದಕ್ಕೆ ಹೆಚ್ಚು ತೂಕವಿದೆ.

ನೀರು, ಚರಂಡಿ, ರೈಲು

ಮುಲುಂಡ್‌ನವರ ವಾದವನ್ನು ಬರೀ ಶ್ರೀಮಂತರ ಅಸಹನೆ ಎಂದು ತಳ್ಳಿಹಾಕುವವರಿದ್ದಾರೆ. ಅದು ತಪ್ಪು. ಲೆಕ್ಕ ಹಾಕಿ ನೋಡೋಣ.

ಮುಂಬಯಿ ಪಾಲಿಕೆ ಕೊಳೆಗೇರಿಗೆ ನೀರು ಕೊಡುವ ಪ್ರಮಾಣ ತಲೆಗೆ ದಿನಕ್ಕೆ 45 ಲೀಟರ್. ಕಟ್ಟಡಗಳಿಗೆ 135 ಲೀಟರ್. ಹೀಗಾಗಿ ಗುಡಿಸಲಿನಿಂದ ಫ್ಲ್ಯಾಟಿಗೆ ಹೋದ ಕುಟುಂಬಕ್ಕೆ ಮೂರು ಪಟ್ಟು ನೀರು ಬೇಕು. ಫ್ಲಷ್ ಇರುವ ಕಕ್ಕಸಿಗೆ ಅಷ್ಟು ಇಲ್ಲದಿದ್ದರೆ ನಡೆಯುವುದೇ ಇಲ್ಲ. ಒಂದು ಕಡೆ 10 ಸಾವಿರ ಮನೆ ಕಟ್ಟಿದರು ಎಂದುಕೊಳ್ಳಿ. ಮನೆಗೆ ಐವರಂತೆ 50 ಸಾವಿರ ಜನ. ದಿನಕ್ಕೆ 67.5 ಲಕ್ಷ ಲೀಟರ್ ನೀರು. ಅದರಲ್ಲಿ ಶೇ 80 ಕೊಳಚೆಯಾಗಿ ಹೊರಬರುತ್ತದೆ ಎಂಬ ಎಂಜಿನಿಯರುಗಳ ರೂಢಿಯ ಲೆಕ್ಕ ಹಿಡಿದರೆ 54 ಲಕ್ಷ ಲೀಟರ್ ಒಳಚರಂಡಿಗೆ. ಈಗಿರುವ ಕೊಳವೆಯನ್ನು ಅಷ್ಟು ಜನ ಇಲ್ಲದ ಕಾಲದಲ್ಲಿ ಹಾಕಿದ್ದು. ಮುಖ್ಯ ಕೊಳವೆ ಬದಲಿಸದೆ ಹೊಸ ಸಂಪರ್ಕ ಕೊಟ್ಟರೆ ಎರಡು ಸಂಗತಿಗಳಾಗುತ್ತವೆ. ಕೊಳವೆಯ ಕೊನೆಯಲ್ಲಿರುವ ಸೊಸೈಟಿಗಳಲ್ಲಿ ನೀರಿನ ಒತ್ತಡ ಕಡಿಮೆಯಾಗುತ್ತದೆ, ಅವರು ಟ್ಯಾಂಕರ್ ತರಿಸುತ್ತಾರೆ. ಮಳೆಗಾಲದಲ್ಲಿ ತಗ್ಗಿನ ಮ್ಯಾನ್‌ಹೋಲ್ ಉಕ್ಕುತ್ತದೆ.

ಇದರ ಜೊತೆಗೆ ಮುಲುಂಡ್ ಪೂರ್ವದಲ್ಲಿ ರಸ್ತೆ, ಸೇತುವೆ ಕಾಮಗಾರಿಗಳಿಂದ ಮನೆ ಕಳೆದುಕೊಂಡವರಿಗಾಗಿ 7,439 ಮನೆಗಳ ಇನ್ನೊಂದು ಪಾಲಿಕೆ ಯೋಜನೆ ಬೇರೆ ಇದೆ. ಅದಕ್ಕೂ ಧಾರಾವಿಗೂ ಸಂಬಂಧವಿಲ್ಲ. ಸುದ್ದಿಗಳಲ್ಲಿ ಎರಡೂ ಕಲಸಿಕೊಂಡಿವೆ. ಸ್ಥಳೀಯರ ಸಿಟ್ಟಿಗೆ ಎರಡೂ ಕಾರಣ, ಯಾಕೆಂದರೆ ಸ್ಟೇಷನ್ ಒಂದೇ, ಪಾಲಿಕೆ ಆಸ್ಪತ್ರೆ ಒಂದೇ.

ಈ ಆಕ್ಷೇಪಗಳಿಗೆ ಪರಿಹಾರವಿದೆ. ಮನೆ ಹಸ್ತಾಂತರಕ್ಕೆ ಮುಂಚೆ ಕೊಳವೆ, ಪಂಪಿಂಗ್ ಸ್ಟೇಷನ್, ಶಾಲೆ, ದವಾಖಾನೆ ಮುಗಿಸಬೇಕು. ಮುಗಿಯದೆ ವಾಸದ ಪ್ರಮಾಣಪತ್ರ ಕೊಡಕೂಡದು. ನಮ್ಮ ನಗರಗಳಲ್ಲಿ ಆಗುವುದು ತಿರುಗುಮುರುಗು. ಮೊದಲು ಜನ, ಆಮೇಲೆ ಟ್ಯಾಂಕರ್, ಎಷ್ಟೋ ವರ್ಷದ ಮೇಲೆ ಕೊಳವೆ. ಮುಲುಂಡ್‌ನವರ ಅಪನಂಬಿಕೆ ಈ ಅನುಭವದಿಂದ ಬಂದದ್ದು.

ಸೌಕರ್ಯದ ಹಿಂದಿರುವ ಇನ್ನೊಂದು ಮಾತು

ಆದರೆ ವಿರೋಧದಲ್ಲಿ ಇನ್ನೊಂದು ಪದರವೂ ಇದೆ, ಅದನ್ನು ಮುಚ್ಚಿಟ್ಟು ವಿಶ್ಲೇಷಣೆ ಮಾಡಲಾಗದು. ಖಾಸಗಿ ಬಿಲ್ಡರುಗಳು ನಲವತ್ತು ಮಹಡಿಯ ಕಟ್ಟಡಗಳನ್ನು ಎಬ್ಬಿಸಿದಾಗಲೂ ಅದೇ ಕೊಳವೆ, ಅದೇ ರೈಲು. ಆಗ ಇಷ್ಟು ದೊಡ್ಡ ಚಳವಳಿ ಕಾಣುವುದಿಲ್ಲ. ಬಡವರು ಬರುತ್ತಾರೆ ಎಂದಾಗ ಮಾತ್ರ ಅಪರಾಧ ಹೆಚ್ಚುತ್ತದೆ, ಊರಿನ ಸ್ವರೂಪ ಕೆಡುತ್ತದೆ, ಫ್ಲ್ಯಾಟಿನ ಬೆಲೆ ಇಳಿಯುತ್ತದೆ ಎಂಬ ಮಾತು ಬರುತ್ತದೆ. ಮುಲುಂಡ್‌ನ ಮನೆಗಳಲ್ಲಿ ಅಡುಗೆ ಮಾಡುವವರು, ಕಾವಲು ಕಾಯುವವರು, ರಿಕ್ಷಾ ಓಡಿಸುವವರು ಈಗಲೂ ಇಂಥ ಗಲ್ಲಿಗಳಿಂದಲೇ ಬರುತ್ತಾರೆ. ಕೆಲಸಕ್ಕೆ ಬೇಕು, ನೆರೆಗೆ ಬೇಡ ಎಂಬುದನ್ನು ಸೌಕರ್ಯದ ವಾದ ಎನ್ನಲಾಗದು.

ಎರಡು ಪದರ ಬೆರೆತಾಗ ನಷ್ಟ ಚಳವಳಿಗೇ. ನೀರಿನ ಲೆಕ್ಕ ಕೇಳಿದರೆ ಸರ್ಕಾರ ಉತ್ತರ ಕೊಡಲೇಬೇಕು. ಜನರೇ ಬೇಡ ಎಂದರೆ, ಇವರು ಬಡವರ ವಿರೋಧಿಗಳು ಎಂದು ಹೇಳಿ ನೀರಿನ ಪ್ರಶ್ನೆಯನ್ನೂ ಬದಿಗೆ ಸರಿಸುವುದು ಸುಲಭವಾಗುತ್ತದೆ. ಅಂದಹಾಗೆ ಈ ಜಗಳದ ಎರಡೂ ಕಡೆ ಕನ್ನಡಿಗರಿದ್ದಾರೆ: ಮುಲುಂಡ್, ಭಾಂಡುಪ್ ಕಡೆ ನೆಲೆಸಿದ ಕರಾವಳಿಯವರು, ಧಾರಾವಿಯಲ್ಲಿ ಕೂಲಿಗೆ ಬಂದು ನಿಂತ ಕಲ್ಯಾಣ ಕರ್ನಾಟಕದವರು.

ಸರ್ಕಾರದ ಮಾತಿನಲ್ಲಿ ಹುರುಳಿಲ್ಲವೇ?

ಇದೆ. ಮಾಮೂಲಿ ಎಸ್‌ಆರ್‌ಎ ಯೋಜನೆಯಲ್ಲಿ ಅನರ್ಹರಿಗೆ ಏನೂ ಸಿಗುವುದಿಲ್ಲ. ಗುಡಿಸಲು ಬೀಳುತ್ತದೆ, ಅವರು ಇನ್ನೊಂದು ಗುಡಿಸಲು ಹುಡುಕುತ್ತಾರೆ. ಧಾರಾವಿಯಲ್ಲಿ ಅನರ್ಹರಿಗೂ ಎಲ್ಲಾದರೂ ಒಂದು ಮನೆ ಎಂಬ ಷರತ್ತು ಇರುವುದು ದೊಡ್ಡ ಹೆಜ್ಜೆ. ಮೇಲಂತಸ್ತಿನವರನ್ನು ಸರ್ಕಾರ ಲೆಕ್ಕಕ್ಕೆ ತೆಗೆದುಕೊಂಡದ್ದೇ ಹೊಸದು. ಹತ್ತು ವರ್ಷ ಕಟ್ಟಡದ ನಿರ್ವಹಣೆ ಉಚಿತ ಎಂದೂ ಕಂಪನಿ ಹೇಳಿದೆ. ವಿರೋಧಿಗಳು ಈ ಅಂಶಗಳನ್ನು ಒಪ್ಪಿಕೊಂಡು ವಾದ ಮಾಡಿದರೆ ವಾದ ಗಟ್ಟಿಯಾಗುತ್ತದೆ.

ತೊಂದರೆ ಇರುವುದು ಆ ಮನೆ ಎಲ್ಲಿ, ಯಾವಾಗ, ಎಷ್ಟು ಬಾಡಿಗೆಗೆ ಎಂಬುದರಲ್ಲಿ. ಹೊರಗಿನ ಜಮೀನು ತಯಾರಾಗುವ ಮೊದಲೇ ಧಾರಾವಿಯ ಗಲ್ಲಿಗಳು ಖಾಲಿಯಾದರೆ ಮೇಲಂತಸ್ತಿನವರು ಎಲ್ಲಿರಬೇಕು? ಪಕ್ಕದಲ್ಲೇ ಬಾಡಿಗೆ ಹಿಡಿಯುತ್ತೇವೆಂದರೆ ಆಗ ಎಲ್ಲರೂ ಒಟ್ಟಿಗೆ ಹುಡುಕುವುದರಿಂದ ಬಾಡಿಗೆ ಏರಿರುತ್ತದೆ.

ದೂರದ ಮನೆಗೆ ಏನಾಗುತ್ತದೆ

ಮುಂಬಯಿ ಇದನ್ನು ಮಾಹುಲ್‌ನಲ್ಲಿ ನೋಡಿದೆ. ತಾನ್ಸಾ ನೀರಿನ ಕೊಳವೆಯ ಪಕ್ಕದ ಗುಡಿಸಲುಗಳನ್ನು ತೆರವು ಮಾಡಿ ತೈಲ ಸಂಸ್ಕರಣಾಗಾರಗಳ ಮಗ್ಗುಲಿನ ಮಾಹುಲ್ ಕಟ್ಟಡಗಳಿಗೆ ಜನರನ್ನು ಕಳಿಸಿದರು. ಗಾಳಿಯ ಮಾಲಿನ್ಯದಿಂದ ಕಾಯಿಲೆ ಬೀಳುತ್ತಿದ್ದೇವೆಂದು ಅವರು ನ್ಯಾಯಾಲಯಕ್ಕೆ ಹೋದರು. ಅಲ್ಲಿರಲು ಒಲ್ಲದವರಿಗೆ ತಿಂಗಳಿಗೆ 15 ಸಾವಿರ ಬಾಡಿಗೆ ಮತ್ತು 45 ಸಾವಿರ ಠೇವಣಿ ಕೊಡಬೇಕೆಂದು ಬಾಂಬೆ ಹೈಕೋರ್ಟ್ 2019ರಲ್ಲಿ ಆದೇಶಿಸಿತು. ಖಾಲಿ ಬಿದ್ದ ಸಾವಿರಾರು ಮನೆಗಳನ್ನು ಪಾಲಿಕೆ 2025ರಲ್ಲಿ ತನ್ನ ನೌಕರರಿಗೇ 12.60 ಲಕ್ಷಕ್ಕೆ ಮಾರಲು ಮುಂದಾಯಿತು. ಸರ್ಕಾರದ ಲೆಕ್ಕದಲ್ಲಿ ಮನೆ ಕಟ್ಟಿದ್ದಾಯಿತು, ಬಡವರಿಗೆ ಅದು ಉಪಯೋಗಕ್ಕೆ ಬರಲಿಲ್ಲ.

ಮಾನ್‌ಖುರ್ದ್, ಗೋವಂಡಿಯ ಪುನರ್ವಸತಿ ಕಾಲೊನಿಗಳಲ್ಲಿ ತಪ್ಪಿದ್ದು ವಿನ್ಯಾಸ. ಏಳೆಂಟು ಮಹಡಿಯ ಕಟ್ಟಡಗಳ ನಡುವೆ ಕೆಲವು ಕಡೆ ಮೂರೇ ಮೀಟರ್ ಅಂತರ. ಕೆಳಗಿನ ಮಹಡಿಗಳಿಗೆ ಬಿಸಿಲು ಇಳಿಯುವುದಿಲ್ಲ, ಗಾಳಿ ಆಡುವುದಿಲ್ಲ. ಇಂಥ ಮನೆಗಳಲ್ಲಿ ಕ್ಷಯ ಹೆಚ್ಚಿರುವುದನ್ನು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಗುರುತಿಸಿತು. ಹೊಸ ನಕ್ಷೆಗಳಲ್ಲಿ ನೋಡಬೇಕಾದ ಮೊದಲ ಅಂಕಿ ಮನೆಯ ಚದರಡಿಗಿಂತ ಎರಡು ಕಿಟಕಿಗಳ ನಡುವಿನ ದೂರ.

ಇನ್ನು ನಿರ್ವಹಣೆ. ಎಸ್‌ಆರ್‌ಎಯ ಹಳೆಯ ನಿಯಮದಂತೆ ಬಿಲ್ಡರ್ ಮನೆಯೊಂದಕ್ಕೆ 40 ಸಾವಿರ ರೂಪಾಯಿ ಠೇವಣಿ ಇಡಬೇಕಿತ್ತು, ಅದರ ಬಡ್ಡಿಯಲ್ಲಿ ಕಟ್ಟಡ ನಡೆಯಬೇಕಿತ್ತು. ಶೇ 7 ಬಡ್ಡಿ ಹಿಡಿದರೆ ವರ್ಷಕ್ಕೆ 2,800, ತಿಂಗಳಿಗೆ 233 ರೂಪಾಯಿ. ಇಪ್ಪತ್ತು ಮಹಡಿಯ ಕಟ್ಟಡಕ್ಕೆ ಲಿಫ್ಟಿನ ವಾರ್ಷಿಕ ಕರಾರು, ನೀರೆತ್ತುವ ಪಂಪಿನ ವಿದ್ಯುತ್, ಬೆಂಕಿ ನಂದಿಸುವ ವ್ಯವಸ್ಥೆ, ಮೆಟ್ಟಿಲ ದೀಪ, ಕಸ, ಕಾವಲು ಎಲ್ಲ ಸೇರಿದರೆ ಇದು ಸಾಲದು. ಮೊದಲು ನಿಲ್ಲುವುದು ಲಿಫ್ಟ್. ಆಮೇಲೆ ಪಂಪಿನ ಬಿಲ್ ಬಾಕಿ ಬೀಳುತ್ತದೆ. ಹದಿನೈದನೇ ಮಹಡಿಗೆ ಬಿಂದಿಗೆ ಹೊರಬೇಕಾದವರು ಮನೆಯನ್ನು ಬಾಡಿಗೆಗೆ ಕೊಟ್ಟು ಹಳೆಯ ಕಸುಬಿನ ಹತ್ತಿರ ಮತ್ತೆ ಗುಡಿಸಲು ಹಿಡಿಯುತ್ತಾರೆ. ಮನೆ ಕೊಟ್ಟರೂ ಮಾರಿಕೊಂಡು ಹೋಗುತ್ತಾರೆ ಎಂಬ ದೂರಿನ ಹಿಂದೆ ಸಾಕಷ್ಟು ಸಲ ಇರುವುದು ಈ ಕಾರಣಗಳು.

ಕಸುಬಿನ ಮಾತೂ ಇಷ್ಟೇ ಮುಖ್ಯ. ಧಾರಾವಿಯ ಹೆಂಗಸರು ಮಧ್ಯವರ್ತಿಯಿಂದ ಹಿಟ್ಟು ತಂದು ಹಪ್ಪಳ ಲಟ್ಟಿಸಿ, ಬುಟ್ಟಿ ಬೋರಲು ಹಾಕಿ ಅದರ ಬೆನ್ನ ಮೇಲೆ ಗಲ್ಲಿಯಲ್ಲೇ ಒಣಗಿಸುತ್ತಾರೆ. ಮಗುವನ್ನು ನೋಡಿಕೊಳ್ಳುತ್ತ ಮಾಡುವ ಕೆಲಸ ಅದು. ಹದಿಮೂರನೇ ಕಾಂಪೌಂಡಿನಲ್ಲಿ ಪ್ಲಾಸ್ಟಿಕ್ ಬಣ್ಣವಾರು ಬೇರೆ ಮಾಡುವವರು ಕೂಲಿಗೆ ನಡೆದು ಹೋಗುತ್ತಾರೆ. ಇವರನ್ನು ಮುಲುಂಡ್‌ಗೋ ದೇವನಾರ್‌ಗೋ ಕಳಿಸಿದರೆ ಗಂಡಸರು ಬೆಳಗಿನ ಗಾಡಿಯಲ್ಲಿ ನೇತಾಡಿಕೊಂಡಾದರೂ ಬಂದಾರು. ಹೆಂಗಸರ ಸಂಪಾದನೆ ಅಲ್ಲಿಗೆ ನಿಲ್ಲುತ್ತದೆ. ಆಮೇಲೆ ಆ ಮನೆಯ ಬಾಡಿಗೆ ಕಂತು ಕಟ್ಟಲು ಒಂದೇ ಸಂಬಳ ಉಳಿಯುತ್ತದೆ, ಕಂತು ತಪ್ಪಿದರೆ ಮನೆಯೂ ಹೋಗುತ್ತದೆ.

ಮುಂದೆ ಏನಾಗಬಹುದು

ವಿರೋಧ ಗೆದ್ದು ಮುಲುಂಡ್ ಮತ್ತು ಕುರ್ಲಾದ ಜಮೀನು ಕೈತಪ್ಪಿದರೆ ಯೋಜನೆ ನಿಲ್ಲುವುದಿಲ್ಲ. ಉಳಿದ ಜಮೀನಿನ ಮೇಲೆ ಒತ್ತಡ ಹೆಚ್ಚುತ್ತದೆ. ಅದರಲ್ಲಿ ದೊಡ್ಡವು ಉಪ್ಪಿನಾಗರ ಮತ್ತು ದೇವನಾರ್. ಒಂದು ನೆರೆಯ ಭಯಕ್ಕೆ, ಇನ್ನೊಂದು ಕಸ ತೆಗೆಯುವ ವೇಗಕ್ಕೆ ಕಟ್ಟುಬಿದ್ದದ್ದು. ಎರಡೂ ತಡವಾದಷ್ಟೂ ಮೇಲಂತಸ್ತಿನವರ ಮನೆ ತಡ. ವಿರೋಧ ಸೋತರೆ ಮುಲುಂಡ್‌ಗೆ ಜನ ಬರುತ್ತಾರೆ. ಕೊಳವೆ ಮತ್ತು ಶಾಲೆ ಮೊದಲು ಬರದಿದ್ದರೆ ಹಳಬರಿಗೂ ಹೊಸಬರಿಗೂ ಬೇಗುದಿ.

ಮೂರನೆಯ ದಾರಿಯೊಂದಿದೆ. ಮೇಲಂತಸ್ತಿನವರಲ್ಲಿ ದೀರ್ಘಕಾಲದ ದಾಖಲೆ ಇರುವವರನ್ನು, ಧಾರಾವಿಯೊಳಗೇ ಕಸುಬು ಇರುವವರನ್ನು ಬೇರೆ ಮಾಡಿ, ಅವರಿಗೆ ಅಲ್ಲೇ ಬಾಡಿಗೆ ಮನೆ ಕೊಡಬೇಕು. ಮಾರಾಟದ ಭಾಗದಲ್ಲಿ ಆಗುವ ನಷ್ಟವನ್ನು ಟಿಡಿಆರ್‌ನಿಂದ ತುಂಬಬಹುದು. ಆಗ ಹೊರಗೆ ಹೋಗುವವರ ಸಂಖ್ಯೆ ಇಳಿಯುತ್ತದೆ, ಬೇಕಾಗುವ ಜಮೀನೂ ಇಳಿಯುತ್ತದೆ. ಮುಲುಂಡ್‌ನ ಸೊಸೈಟಿಗಳು ನಿಜಕ್ಕೂ ಭಾರ ಕಡಿಮೆಯಾಗಲಿ ಎಂದು ಬಯಸುವುದಾದರೆ ಅವರು ಕೇಳಬೇಕಾದದ್ದು ಇದನ್ನೇ. ಧಾರಾವಿಯ ಮಾಳಿಗೆಯವರು ಕೇಳುತ್ತಿರುವುದೂ ಇದನ್ನೇ. ಈವರೆಗೆ ಈ ಎರಡು ಗುಂಪುಗಳು ಒಂದೇ ಮನವಿಗೆ ಸಹಿ ಹಾಕಿದಂತೆ ಕಾಣುವುದಿಲ್ಲ.

ಸದ್ಯ ಗಮನಿಸಬೇಕಾದ ಕಾಗದ ಅನೆಕ್ಷರ್-2. ಯಾರು ಅರ್ಹ, ಯಾರು ಅಲ್ಲ ಎಂದು ಗಲ್ಲಿವಾರು ಹೆಸರು ಹಿಡಿದು ಹೇಳುವ ಪಟ್ಟಿ ಅದು. ಕರಡು ಬಂದ ಮೇಲೆ ಆಕ್ಷೇಪಣೆಗೆ ಸಿಗುವ ದಿನ ಕೆಲವೇ, ಆಮೇಲೆ ಮೇಲ್ಮನವಿ. ತಮ್ಮ ಹೆಸರಿನ ಮುಂದೆ ಅನರ್ಹ ಎಂದು ಬಂದವರು ನೋಡಬೇಕಾದದ್ದು ಕಾರಣದ ಕಾಲಂ. ಕಾಗದ ಸಾಲದು ಎಂದಿದ್ದರೆ 2000ಕ್ಕೆ ಮುಂಚಿನ ಮತದಾರರ ಪಟ್ಟಿಯ ದೃಢೀಕೃತ ಪ್ರತಿ, ಹಳೆಯ ವಿದ್ಯುತ್ ಸಂಪರ್ಕದ ದಾಖಲೆ ತೆಗೆಸಬಹುದು. ಮೇಲಂತಸ್ತು ಎಂದಿದ್ದರೆ ಕಾಗದದಿಂದ ಪ್ರಯೋಜನವಿಲ್ಲ, ನಿಯಮವೇ ಬದಲಾಗಬೇಕು. ಈ ಎರಡನೇ ಕಾರಣದಲ್ಲಿ ಬರುವ ಹೆಸರುಗಳು ಎಷ್ಟು ಎಂಬುದರ ಮೇಲೆ ಮುಲುಂಡ್, ದೇವನಾರ್, ಕಾಂಜೂರ್‌ಮಾರ್ಗ್‌ಗಳಲ್ಲಿ ಬೇಕಾಗುವ ಕಟ್ಟಡಗಳ ಸಂಖ್ಯೆ ನಿಂತಿದೆ.